ಭೂಮಿಯ ಕೆಳಗಿನ ಹತ್ತೊಂಬತ್ತು ವರ್ಷ

ಎಡಗಡೆಯ ಮೂರನೆಯ ಮತ್ತು ನಾಲ್ಕನೆಯ ಪಕ್ಕೆಲುಬುಗಳ ನಡುವೆ ಹನ್ನೊಂದು ಬಿಳಿ ಚುಕ್ಕೆಗಳಿದ್ದವು. ಒಂದೊಂದೂ ಸಾಸಿವೆ ಕಾಳಿನಷ್ಟು. ಬಲಗಡೆ ಎಣಿಸಲಾಗಲಿಲ್ಲ, ಅಲ್ಲಿ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು, ಒಡೆದ ಹಾಲಿನ ಹಾಗೆ ಕಾಣುತ್ತಿದ್ದವು. ಒಮಾನಿನ ಬುರೈಮಿಯ ನಮ್ಮ ಮನೆಯ ಅಡುಗೆಕೋಣೆಯ ಕಿಟಕಿಗೆ ಆ ಎಕ್ಸ್‌ರೇ ಹಾಳೆಯನ್ನು ಹಿಡಿದು ನಾನು ನೋಡುತ್ತಿದ್ದೆ. ಅದು ಮೇಸ್ತ್ರಿಯ ಎದೆ. ಅವರು ನನ್ನ ಹಿಂದೆ ಸ್ಟೂಲಿನ ಮೇಲೆ ಕೂತು ಅಮ್ಮ ಕೊಟ್ಟ ಚಹಾ ಕುಡಿಯುತ್ತಿದ್ದರು.

ಅಪ್ಪ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಮೇಸ್ತ್ರಿ ಪಂಪ್ ಫಿಟ್ಟರ್ ಆಗಿದ್ದರು. ಖರ್ಜೂರದ ತೋಟಗಳ ಬಾವಿಗಳಿಗೆ ಮೋಟಾರು ಇಳಿಸುವುದು, ಕೆಟ್ಟರೆ ಮೇಲೆತ್ತಿ ಸರಿಮಾಡುವುದು ಅವರ ಕೆಲಸ. ಅಪ್ಪ ಅದೇ ಕಂಪನಿಯ ಆಫೀಸು ನೋಡಿಕೊಳ್ಳುತ್ತಿದ್ದರು. ನಾನು ಇತಿಹಾಸದಲ್ಲಿ ಎಂ.ಎ. ಮುಗಿಸಿ, ಎಂಬತ್ತರ ದಶಕದ ಕೊನೆಯಲ್ಲಿ, ಮಂಗಳೂರಿನಿಂದ ಅಪ್ಪ ಅಮ್ಮನ ಹತ್ತಿರ ಬಂದಿದ್ದೆ. ಮದುವೆ ಗೊತ್ತಾಗುವವರೆಗೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ನನ್ನ ಸೂಟ್‌ಕೇಸಿನಲ್ಲಿ ಎರಡು ಸೀರೆಗಳ ನಡುವೆ ಅರ್ಧ ಬರೆದ ಒಂದು ಪ್ರಬಂಧವಿತ್ತು. ಕೋಲಾರದ ಚಿನ್ನದ ಗಣಿಯ ಊರು ಹುಟ್ಟಿದ ಮೊದಲ ಮೂವತ್ತು ವರ್ಷಗಳ ಕುರಿತದ್ದು. ನಾನು ಆ ಊರನ್ನು ನೋಡಿಯೇ ಇರಲಿಲ್ಲ. ಗೊತ್ತಿದ್ದದ್ದೆಲ್ಲ ಗ್ರಂಥಾಲಯದ ವರದಿಗಳಿಂದ ಬಂದದ್ದು.

ಮೇಸ್ತ್ರಿ ಆ ಊರಿನವರೆಂದು ತಿಳಿದದ್ದು ಆಕಸ್ಮಿಕವಾಗಿ. ನಮ್ಮ ನೀರಿನ ಟ್ಯಾಂಕಿನ ಪಂಪ್ ನೋಡಲು ಬಂದವರು ಮೇಜಿನ ಮೇಲಿದ್ದ ನನ್ನ ಕೈಬರಹದ ನಕ್ಷೆಯನ್ನು ನೋಡಿ ನಿಂತುಬಿಟ್ಟರು.

"ಇದ್ಯಾರು ಬರ್ದಿದ್ದು? ಈ ಶಾಫ್ಟು ಇಲ್ಲಿ ಬರಾಕಿಲ್ಲ. ಆಸ್ಪತ್ರೆ ಹಿಂದ್ಗಡೆ ಇರೋದು."

ಶಾಫ್ಟ್ ಎಂದರೆ ಗಣಿಗೆ ಇಳಿಯುವ ನೇರ ಬಾವಿ. ವರದಿಯಲ್ಲಿ ಹೀಗೇ ಇದೆ ಎಂದೆ.

"ವರದಿ ಬರ್ದೋನು ಕೆಳಗ್ ಇಳಿದಿದ್ನಾ ಅಮ್ಮಣ್ಣಿ? ನಾನ್ ಇಳಿದಿದೀನಿ."

ಅಂದಿನಿಂದ ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅವರು ನಮ್ಮ ಮನೆಗೆ ಬರತೊಡಗಿದರು. ನಾನು ಬರೆದುಕೊಳ್ಳುತ್ತಿದ್ದೆ. ಅಮ್ಮ ಒಳಗಿನಿಂದ ತುಳುವಿನಲ್ಲಿ, ನಾವು ಇವಳಿಗೆ ಗಂಡು ಹುಡುಕಿದರೆ ಇವಳು ಗಣಿ ಹುಡುಕುತ್ತಾಳೆ ಎನ್ನುತ್ತಿದ್ದರು. ಮೇಸ್ತ್ರಿಗೆ ತುಳು ಬರುತ್ತಿರಲಿಲ್ಲ. ಆದರೂ ದನಿ ಕೇಳಿ ನಗುತ್ತಿದ್ದರು.

ಗ್ರಂಥಾಲಯದಲ್ಲಿ ನಾನು ಓದಿದ್ದು ಹೀಗಿತ್ತು. ಸೇನೆಯ ಅಧಿಕಾರಿಯೊಬ್ಬ ಹಳ್ಳಿಯವರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡು ಬರೆದಿಟ್ಟ. ಎಷ್ಟೋ ವರ್ಷಗಳ ನಂತರ ಅದನ್ನು ಓದಿದ ನಿವೃತ್ತ ಸೈನಿಕನೊಬ್ಬ ಎತ್ತಿನ ಗಾಡಿ ಕಟ್ಟಿಕೊಂಡು ಬಂದ. ಅವನಲ್ಲಿ ಹಣವಿರಲಿಲ್ಲ, ಪರವಾನಗಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಹಣವಿದ್ದವರು ಸಮುದ್ರದಾಚೆಯಿಂದ ಬಂದು ತೋಡಿ ತೋಡಿ ಸೋತರು. ಇನ್ನು ಮುಚ್ಚುವುದೇ ಎಂಬ ಹೊತ್ತಿಗೆ, ಉಳಿದ ಕೊನೆಯ ಬಂಡವಾಳದಲ್ಲಿ ಅಗೆದ ಒಂದು ಕಡೆ ಅದಿರಿನ ಪಟ್ಟಿ ಸಿಕ್ಕಿತು. ಆಮೇಲೆ ಜನ ಬಂದರು.

ಮೇಸ್ತ್ರಿಯ ಕತೆ ಈ 'ಆಮೇಲೆ'ಯಿಂದ ಶುರುವಾಗುತ್ತಿತ್ತು. ಅವರ ಮುತ್ತಾತ ಬಾವಿ ತೋಡುವವನು. ಚಿತ್ತೂರಿನ ಕಡೆಯಿಂದ ಆರು ವರ್ಷದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದು ಬಂದ. ಊರು ಅಂದರೆ ಬಿದಿರಿನ ತಟ್ಟಿಗಳ ಸಾಲು. ಗಾಳಿ ಜೋರಾದರೆ ಮನೆ ಪಕ್ಕದವರ ಅಂಗಳದಲ್ಲಿರುತ್ತಿತ್ತು. ಕೆಳಗೆ ಇಳಿಯುವಾಗ ರುಮಾಲಿನ ಮೇಲೆ ಹಸಿ ಮಣ್ಣಿನ ಉಂಡೆಯಿಟ್ಟು ಅದರಲ್ಲಿ ಮೇಣದಬತ್ತಿ ನೆಡುತ್ತಿದ್ದರು. ಗಡಿಯಾರವಿರಲಿಲ್ಲ. ಮೂರು ಬತ್ತಿ ಉರಿದರೆ ಪಾಳಿ ಮುಗಿದಂತೆ.

"ಮೂರೋ, ನಾಲ್ಕೋ?" ಎಂದು ನಾನು ಕೇಳಿದೆ. ಹಿಂದಿನ ವಾರ ನಾಲ್ಕು ಎಂದಿದ್ದರು.

"ನೀವು ಮಂಗ್ಳೂರೋರು ಮೀನಿನ ಮುಳ್ಳು ತೆಗ್ದಂಗೆ ಮಾತಿನ್ ಮುಳ್ಳು ತೆಗೀತೀರ. ಬೇಸಗೇಲಿ ಮೂರು ಅಂತ ಬರ್ಕಳ್ಳಿ, ಚಳೀಲಿ ನಾಲ್ಕು."

"ಕೆಳಗೆ ಬೇಸಗೆ ಚಳಿ ಉಂಟಾ ಮೇಸ್ತ್ರಿ?"

ಅವರು ಬಾಯಿ ತುಂಬ ನಕ್ಕರು. ಆ ನಗು ಕೆಮ್ಮಾಯಿತು. ಅವರು ನಕ್ಕರೆ ಯಾವಾಗಲೂ ಹಾಗೆಯೇ ಮುಗಿಯುತ್ತಿತ್ತು. ಅಮ್ಮ ನೀರು ತಂದಿಟ್ಟರು. "ಕುಡಿಯಿರಿ ಮಾರಾಯ್ರೆ. ಈ ಕೆಮ್ಮಿಗೆ ಒಂದು ಮದ್ದು ಮಾಡಬಾರದಾ?"

"ಇದು ಕೆಮ್ಮಲ್ಲ ಅಮ್ಮಾ, ಊರು ಬಿಟ್ಟಾಗ್ಲಿಂದ ಜತೇಲಿ ಬಂದೈತೆ. ಇಲ್ಲಿ ಒಣ ಗಾಳಿ, ವಾಸಿ. ಅಲ್ಲಿ ಚಳಿಗಾಲ್ದಾಗೆ ಬೆಳಿಗ್ಗೆ ಎದ್ದು ಚಪ್ಪಲಿ ಹಾಕ್ಕಳಾಕ್ಕೂ ಉಸ್ರು ಸಾಲ್ತಿರ್ಲಿಲ್ಲ."

ಅವರು ಹದಿನೆಂಟನೆಯ ವಯಸ್ಸಿಗೆ ಗಣಿಗೆ ಇಳಿದವರು. ಹತ್ತೊಂಬತ್ತು ವರ್ಷ ಕೆಳಗೆ, ಹೆಚ್ಚಿನದೆಲ್ಲ ಡ್ರಿಲ್ ಹಿಡಿದು. ಆಮೇಲೆ ಮೂರು ವರ್ಷ ಮೇಲಿನ ವರ್ಕ್‌ಶಾಪಿನಲ್ಲಿ ಪಂಪ್ ಕೆಲಸ ಕಲಿತರು. ನಂತರ ಒಮಾನ್, ಎಂಟು ವರ್ಷ. ಅವರ ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಮುಗಿಯಲು ಎರಡು ವರ್ಷ ಬಾಕಿಯಿತ್ತು. ಮೇಸ್ತ್ರಿಗೆ ಬೇಕಾಗಿದ್ದದ್ದು ಆ ಎರಡು ವರ್ಷ ಮಾತ್ರ. ಅಂದರೆ ವೀಸಾದ ಇನ್ನೊಂದು ನವೀಕರಣ.

ನವೀಕರಣಕ್ಕೆ ವೈದ್ಯಕೀಯ ತಪಾಸಣೆ ಆಗಬೇಕು. ರಕ್ತ ಕೊಡಬೇಕು, ಎದೆಯ ಫಿಲ್ಮ್ ತೆಗೆಸಬೇಕು. ಹಿಂದಿನ ಸಲಗಳಲ್ಲಿ ಯಾರೂ ಏನೂ ಹೇಳಿರಲಿಲ್ಲ. ಈ ಸಲ ಹಾಳೆಯನ್ನು ಕೈಗೆ ಕೊಟ್ಟು, ಮರುದಿನ ಇಂಗ್ಲಿಷ್ ಬರುವವರೊಬ್ಬರ ಜೊತೆ ಡಾಕ್ಟರನ್ನು ಕಾಣಲು ಹೇಳಿ ಕಳುಹಿಸಿದ್ದರು. ಆ ವಾರ ಅಪ್ಪ ಕಂಪನಿ ಕೆಲಸಕ್ಕೆ ಮಸ್ಕತ್ತಿಗೆ ಹೋಗಿದ್ದರು. ಹಾಗಾಗಿ ಮೇಸ್ತ್ರಿ ನನ್ನ ಹತ್ತಿರ ಬಂದಿದ್ದರು. ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ನಾನು ಚುಕ್ಕೆ ಎಣಿಸಿದ್ದು ಆ ಸಂಜೆ.

ಮರುದಿನ ಅಮ್ಮನೂ ಹೊರಟರು. ಕಂಪನಿಯ ಪಿಕಪ್ಪಿನಲ್ಲಿ ಮೂವರೂ ಮುಂದೆ ಇಕ್ಕಟ್ಟಿನಲ್ಲಿ ಕೂತೆವು. ಡಾಕ್ಟರು ಸುಡಾನಿನವರು. ನಿಧಾನದ ಮಾತಿನ ಮನುಷ್ಯ. ಹಾಳೆಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದರು. ಇಲ್ಲಿ ಗುರುತುಗಳಿವೆ, ಹಳೆಯವಿರಬಹುದು, ಕ್ಷಯವೂ ಇರಬಹುದು, ಕಫ ಪರೀಕ್ಷೆಗೆ ಕಳುಹಿಸುತ್ತೇನೆ ಎಂದರು. ಅದರಲ್ಲಿ ಏನೂ ಸಿಗದಿದ್ದರೆ ಮೂರು ತಿಂಗಳಾದ ಮೇಲೆ ಇನ್ನೊಂದು ಫಿಲ್ಮ್. ಆಗಲೂ ಹೀಗೇ ಇದ್ದರೆ ಹಳೆಯ ಗಾಯದ ಕಲೆಯೆಂದು ಬರೆದು ಸಹಿ ಹಾಕುತ್ತೇನೆ ಎಂದರು. ಅಲ್ಲಿಯವರೆಗೆ ಕೆಲಸ ಮಾಡಬಹುದೇ ಎಂದು ನಾನು ಕೇಳಿದೆ. ಮಾಡಬಹುದು ಎಂದರು.

ಇದಿಷ್ಟನ್ನೂ ನಾನು ಕನ್ನಡದಲ್ಲಿ ಸರಿಯಾಗಿಯೇ ಹೇಳಿದೆ. ಒಂದು ಮಾತನ್ನೂ ಬಿಡಲಿಲ್ಲ. ಮೇಸ್ತ್ರಿಗೆ ಮಾತ್ರ ಅದರಲ್ಲಿ ಒಂದೇ ಮಾತು ಕೇಳಿಸಿತು.

ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಆಮೇಲೆ, "ಟಿಬಿ ಅಂತ ಬರಿಯಾಕ್ ಬಿಡ್ಬಾರ್ದು ಅಮ್ಮಣ್ಣಿ," ಎಂದರು. "ನಮ್ಮ ತಾತನ್ಗೆ ಹಂಗೇ ಬರುದ್ರು. ನಮ್ಮಪ್ಪನ್ಗೂ ಹಂಗೇ. ಧೂಳು ಅಂತ ಬರೀಬೇಕು. ಧೂಳು ಅಂತ ಬರ್ಸಾಕೆ ನಮ್ಮವ್ವ ಎಷ್ಟು ಅಲೆದ್ಲು ಗೊತ್ತಾ?"

ಈ ಮಾತು ನನ್ನ ನೋಟುಪುಸ್ತಕದಲ್ಲಿ ಆಗಲೇ ಇತ್ತು. ಗಣಿ ಕೊಟ್ಟ ಅವರ ಸಾಲುಮನೆಗಳಲ್ಲಿ ತಲೆಮಾರುಗಳಿಂದ ಬಂದ ಒಂದು ನಂಬಿಕೆ ಅದು. ಕಲ್ಲಿನ ಧೂಳಿನಿಂದ ಎದೆ ಕೆಟ್ಟಿತೆಂದು ಕಾಗದದ ಮೇಲೆ ಬಂದರೆ ಅದು ಗಣಿಯ ತಪ್ಪು, ಮನೆ ಉಳಿಯುತ್ತದೆ, ಮಗನಿಗೆ ಕೆಲಸ ಸಿಗುತ್ತದೆ. ಕ್ಷಯವೆಂದು ಬಂದರೆ ಅದು ಆ ಮನುಷ್ಯನ ತಪ್ಪು. ಪಾತ್ರೆ ಬೇರೆ, ಚಾಪೆ ಬೇರೆ, ಮನೆ ಖಾಲಿ. ಇದು ಎಷ್ಟು ನಿಜವೋ ನನಗೆ ಗೊತ್ತಿಲ್ಲ. ನಾನು ನೋಡಿದ ಯಾವ ವರದಿಯಲ್ಲೂ ಇರಲಿಲ್ಲ. ಆದರೆ ಆ ಬೀದಿಯ ಹೆಂಗಸರು ಕಾಗದ ಹಿಡಿದು ಅಲೆದದ್ದು ಈ ಒಂದು ಶಬ್ದಕ್ಕಾಗಿ ಎಂದು ಮೇಸ್ತ್ರಿ ಹೇಳಿದ್ದನ್ನು ನಾನು ಎರಡು ಪುಟ ಬರೆದಿದ್ದೆ. ಪ್ರಬಂಧದಲ್ಲಿ ಅದಕ್ಕೊಂದು ಅಧ್ಯಾಯ ಕೊಡಬೇಕೆಂದೂ ಅಂದುಕೊಂಡಿದ್ದೆ.

"ಒಂದು ಕಾಗ್ದ ಬರ್ಕೊಡ್ತೀರಾ? ನಿಮ್ ಪುಸ್ತಕ್ದಾಗೆ ಎಲ್ಲಾ ಐತಲ್ಲ. ಎಷ್ಟು ವರ್ಷ, ಯಾವ ಲೆವೆಲ್ಲು, ಎಲ್ಲಾ."

ಅಮ್ಮ ನನ್ನ ತೋಳು ಮುಟ್ಟಿದರು. "ಅಪ್ಪ ಬರಲಿ ಮಗಾ. ಅವಸರ ಎಂತದು?"

ಎರಡು ದಿನ ಕಾಯಬಹುದಿತ್ತು. ಡಾಕ್ಟರು ಮೂರು ತಿಂಗಳ ಅವಧಿ ಕೊಟ್ಟಿದ್ದರು. ಆದರೆ ನನಗೆ ಗೊತ್ತಿರುವುದು ಡಾಕ್ಟರಿಗೆ ಗೊತ್ತಿಲ್ಲವೆಂಬುದು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಅವರು ಊಹೆ ಮಾಡುತ್ತಿದ್ದಾರೆ, ನನ್ನ ಬಳಿ ದಾಖಲೆಯಿದೆ ಎಂದು ಅನಿಸಿತು. ನಾನು ಯಾವತ್ತೂ ಎದುರು ನಿಂತು ಮಾತಾಡಿದವಳಲ್ಲ. ಬರೆಯುವುದು ಮಾತ್ರ ನನಗೆ ಬರುತ್ತದೆ ಎಂದುಕೊಂಡಿದ್ದೆ.

ಆ ಮಧ್ಯಾಹ್ನ ಅಪ್ಪನ ಟೈಪ್‌ರೈಟರಿನಲ್ಲಿ ಒಂದೂವರೆ ಪುಟ ಟೈಪ್ ಮಾಡಿದೆ. ಕೆಲಸಕ್ಕೆ ಸೇರಿದ ವಯಸ್ಸು, ಭೂಮಿಯ ಕೆಳಗಿನ ಹತ್ತೊಂಬತ್ತು ವರ್ಷ, ಯಾವ ಆಳದಲ್ಲಿ ಎಷ್ಟು ಕಾಲ, ಡ್ರಿಲ್ಲಿಗೆ ನೀರು ಬಾರದೆ ಒಣಕಲ್ಲನ್ನೇ ಕೊರೆದ ತಿಂಗಳುಗಳು, ತಂದೆ ಮತ್ತು ತಾತ ಸತ್ತ ವಯಸ್ಸು. ಇದು ಅಂಟುರೋಗವಲ್ಲ, ಕಲ್ಲಿನ ಧೂಳು ಎಂದು ಮುಗಿಸಿದೆ. ಎರಡು ಸಲ ಓದಿದೆ. ಒಂದೂ ತಪ್ಪಿರಲಿಲ್ಲ. ಮೇಸ್ತ್ರಿಗೆ ಕನ್ನಡದಲ್ಲಿ ಓದಿ ಹೇಳಿದಾಗ ಅವರು ಕಣ್ಣು ಮುಚ್ಚಿ ಕೇಳಿದರು. ನಡುವೆ ಒಂದು ಕಡೆ ತಡೆದು, "ಅದು ಹನ್ನೊಂದು ತಿಂಗ್ಳು, ಹತ್ತಲ್ಲ," ಎಂದರು. ತಿದ್ದಿದೆ. ನಾನು ಅದರ ಕೆಳಗೆ ಸಹಿ ಹಾಕಿದೆ, ಹೆಸರಿನ ಮುಂದೆ ಎಂ.ಎ. ಎಂದೂ ಬರೆದೆ.

ಮರುದಿನ ಡಾಕ್ಟರು ಅದನ್ನು ನಮ್ಮೆದುರೇ ಓದಿದರು. ಮೊದಲ ಪುಟ ಮುಗಿಸಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಎರಡನೆಯದನ್ನೂ ಓದಿದರು. ಆಮೇಲೆ ಫೈಲಿನಿಂದ ಕಂಪನಿಯ ಹಳೆಯ ಅರ್ಜಿಯ ಪ್ರತಿಯನ್ನು ತೆಗೆದು ಪಕ್ಕದಲ್ಲಿಟ್ಟರು. ಹಿಂದಿನ ಕೆಲಸ ಎಂಬಲ್ಲಿ 'ವರ್ಕ್‌ಶಾಪ್ ಫಿಟ್ಟರ್' ಎಂದಿತ್ತು. ಅಕ್ಷರ ಅಪ್ಪನದು.

"ಇದನ್ನು ಬರೆಯಲು ನಿನಗೆ ಯಾರು ಹೇಳಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಯಾರೂ ಹೇಳಲಿಲ್ಲ, ಇದು ನಿಜ ಎಂದೆ.

"ನಿಜವೇ ಇರಬೇಕು, ಕಫದಲ್ಲಿ ಏನೂ ಸಿಗಲಿಲ್ಲ. ನಾನು ಮೂರು ತಿಂಗಳು ಕಾಯುತ್ತಿದ್ದೆ. ಗುರುತು ಬದಲಾಗುತ್ತಿರಲಿಲ್ಲ. ಹಳೆಯ ಕಲೆ ಎಂದು ಬರೆಯುತ್ತಿದ್ದೆ. ಗೊತ್ತಿಲ್ಲದ್ದಕ್ಕೆ ನಾನು ಕಾಯಬಹುದು, ಗೊತ್ತಿರುವುದನ್ನು ಬರೆಯಲೇಬೇಕು. ಈ ರೋಗ ವಾಸಿಯಾಗುವುದಿಲ್ಲ. ವಾಸಿಯಾಗದ್ದನ್ನು ಇಟ್ಟುಕೊಂಡು ಕೆಲಸಕ್ಕೆ ಯೋಗ್ಯ ಎಂದು ನಾನು ಹೇಗೆ ಬರೆಯಲಿ?"

ಆ ಪತ್ರವನ್ನು ಹಿಂದಕ್ಕೆ ಕೊಡುತ್ತೀರಾ ಎಂದು ನಾನು ಕೇಳಲಿಲ್ಲ. ಕೇಳಬಹುದೆಂದು ಹೊಳೆಯಲೇ ಇಲ್ಲ. ಅವರು ಅದರ ಮೇಲೆ ಸಣ್ಣದೊಂದು ಮುದ್ರೆ ಒತ್ತಿದರು.

"ಏನಂದ್ರು?" ಎಂದು ಮೇಸ್ತ್ರಿ ಕೇಳಿದರು.

"ಧೂಳು ಅಂತ ಬರೀತಾರಂತೆ," ಎಂದೆ. ಉಳಿದದ್ದನ್ನು ಪಿಕಪ್ಪಿನಲ್ಲಿ ಹೇಳಿದೆ. ಅವರು ರಸ್ತೆ ನೋಡುತ್ತ ಗಾಡಿ ಓಡಿಸುತ್ತಲೇ ಇದ್ದರು. ಬುರೈಮಿ ಕೋಟೆಯ ಮಣ್ಣುಗೋಡೆ ದಾಟಿದ ಮೇಲೆ, "ಅಂದ್ರೆ ವಾಪಸ್ಸು," ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

ಮಸ್ಕತ್ತಿನಿಂದ ಬಂದ ಅಪ್ಪ ಷರ್ಟಿನ ಗುಂಡಿ ಬಿಚ್ಚುತ್ತ ನಿಂತಲ್ಲೇ ಎಲ್ಲ ಕೇಳಿದರು. ಅವರು ಬೈಯಲಿಲ್ಲ. ನಮ್ಮ ಮನೆಯಲ್ಲಿ ಬೈಗುಳ ಕಡಿಮೆ.

"ಗಣಿ ಅಂತ ಬರೆದರೆ ಯಾರೂ ತಗೊಳ್ಳುದಿಲ್ಲ ಅಂತ ಗೊತ್ತಿದ್ದೇ ನಾನು ವರ್ಕ್‌ಶಾಪ್ ಅಂತ ಬರೆದದ್ದು," ಎಂದರು. "ಮೂರು ವರ್ಷ ಅಲ್ಲಿ ಕೆಲಸ ಮಾಡಿದ್ದು ಸುಳ್ಳಲ್ಲ. ಕೆಳಗಿದ್ದದ್ದನ್ನು ಬರೆಯಲಿಲ್ಲ, ಅಷ್ಟೆ. ನನ್ನನ್ನೊಮ್ಮೆ ಕೇಳಬೇಕಿತ್ತು ಮಗಾ."

ಅಪ್ಪ ಕಂಪನಿಯ ಯಜಮಾನರಾದ ಕಫೀಲರ ಹತ್ತಿರ ಹೋದರು. ನಮ್ಮೆಲ್ಲರ ವೀಸಾ ಅವರ ಹೆಸರಿನಲ್ಲಿತ್ತು, ಒಳ್ಳೆಯ ಮನುಷ್ಯ. ಮೇಸ್ತ್ರಿಯಂಥ ಕೆಲಸಗಾರ ತನಗೆ ಸಿಕ್ಕಿಲ್ಲವೆಂದು ಕಾಫಿ ಕುಡಿಸಿ ಹೇಳಿದರಂತೆ. ಆದರೆ ಆರೋಗ್ಯ ಇಲಾಖೆಯ ಕಾಗದ ಬಂದಾಗಿತ್ತು, 'ಅಯೋಗ್ಯ' ಎಂದು. ಅದರ ಮೇಲೆ ತಾನು ಮಾಡುವಂಥದ್ದೇನೂ ಇಲ್ಲ, ಖಲಾಸ್, ಎಂದರಂತೆ. ಮುಂದಿನ ಗುರುವಾರದ ವಿಮಾನಕ್ಕೆ ಟಿಕೇಟು ಅವರೇ ತೆಗೆಸಿದರು. ಆ ಗುರುವಾರ ಮೇಸ್ತ್ರಿ ಹೋದರು ಕೂಡ.

ಅದಕ್ಕೆ ಆರು ದಿನ ಮೊದಲು, ಶುಕ್ರವಾರ ಮಧ್ಯಾಹ್ನ, ಎಂದಿನಂತೆ ಬಂದರು. ನಾನು ಪುಸ್ತಕ ತೆಗೆಯಲಿಲ್ಲ. ಅಮ್ಮ ಕೋರಿರೊಟ್ಟಿ ಬಡಿಸಿದರು. ಮೇಸ್ತ್ರಿ ರೊಟ್ಟಿ ಮುರಿದು ಸಾರಿಗೆ ಹಾಕಿಕೊಂಡರು.

"ಎಂತ ಮಾಡ್ತೀರಿ ಹೋಗಿ?" ಎಂದು ಅಮ್ಮನೇ ಕೇಳಿದರು.

"ಏನಾದ್ರೂ. ಮಗ್ಳಿಗೆ ಹೇಳ್ಬೇಕು. ಎರಡ್ವರ್ಷ ಹೆಂಗೋ..." ಅವರು ಜೇಬಿನಿಂದ ಮಡಿಸಿದ ಕಾಗದ ತೆಗೆದರು. ಆರೋಗ್ಯ ಕೇಂದ್ರದಿಂದ ಕಂಪನಿಗೆ ಬಂದದ್ದರ ಪ್ರತಿ. "ಅಮ್ಮಣ್ಣಿ, ಇದ್ರಾಗೆ ಎಲ್ಲಿ ಬರ್ದೈತೆ? ತೋರ್ಸಿ."

ನಾನು ಬೆರಳಿಟ್ಟು ತೋರಿಸಿದೆ. ರೋಗದ ಹೆಸರು, ಕೆಳಗೆ ಆವರಣದಲ್ಲಿ ಕಾರಣ, ಕಲ್ಲಿನ ಧೂಳು.

"ಟಿಬಿ ಅಂತ ಎಲ್ಲೂ ಇಲ್ವಲ್ಲ?"

"ಇಲ್ಲ."

"ನಮ್ಮನೇಲಿ ಮೊದಲ್ನೇ ಸಲ," ಎಂದರು. ಕಾಗದವನ್ನು ಹಳೆಯ ಮಡಿಕೆಗಳ ಮೇಲೇ ಮಡಿಸಿದರು. "ನಮ್ಮವ್ವ ಇದ್ದಿದ್ರೆ ಇದಕ್ಕೆ ಕುಂಕುಮ ಇಕ್ಕೋಳು."

ಅಮ್ಮ ಎದ್ದು ಒಳಗೆ ಹೋದರು. ಮೇಸ್ತ್ರಿ ನನ್ನನ್ನು ನೋಡಿ ನಕ್ಕರು. ಈ ಸಲ ಕೆಮ್ಮು ಬರಲಿಲ್ಲ. "ನೀವ್ಯಾಕೆ ಮುಖ ಹಂಗ್ ಮಾಡ್ಕಂಡಿದೀರ? ಬರೀರಿ ಅಂದೋನು ನಾನು. ನೀವು ಸರ್ಯಾಗ್ ಬರುದ್ರಿ."

ಅವರು ಬೈದಿದ್ದರೆ ಸಹಿಸಬಹುದಿತ್ತು. ಆ ಮಧ್ಯಾಹ್ನ ಅವರು ನಮ್ಮ ಮನೆಯಿಂದ ಹೊರಟ ಮೇಲೆ ನಾನು ಟೈಪ್‌ರೈಟರಿನ ಎದುರು ಕೂತೆ. ಡಾಕ್ಟರಿಗೆ ಇನ್ನೊಂದು ಪತ್ರ. ಹಿಂದಿನ ಪತ್ರದಲ್ಲಿ ದೊಡ್ಡದೊಂದು ತಪ್ಪಾಗಿದೆ, ನಾನು ಆ ಊರಿನ ಇತಿಹಾಸದ ವಿದ್ಯಾರ್ಥಿನಿ, ಕುಟುಂಬದ ಕತೆಗಳನ್ನು ಬರೆದುಕೊಳ್ಳುವಾಗ ತಾತನ ಸೇವೆಯನ್ನು ಮೊಮ್ಮಗನದೆಂದು ಹಾಕಿಬಿಟ್ಟೆ, ಭೂಮಿಯ ಕೆಳಗಿನ ಹತ್ತೊಂಬತ್ತು ವರ್ಷ ತಾತನವು, ಈ ಮನುಷ್ಯ ವರ್ಕ್‌ಶಾಪಿನಲ್ಲಿ ಮಾತ್ರ ದುಡಿದವರು ಎಂದು ಬರೆದೆ. ಮೊದಲ ಪತ್ರಕ್ಕೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಸುಳ್ಳು ಬರೆಯುವಾಗಲೂ ತಾತನ ಕಾಲದ ಡ್ರಿಲ್ಲಿನ ವಿವರ ಹೊಂದುವುದಿಲ್ಲವೆಂದು ಎರಡು ಸಾಲು ಹೊಡೆದುಹಾಕಿ ಪುನಃ ಟೈಪ್ ಮಾಡಿದೆ.

ಇದನ್ನು ಯಾರೂ ನಂಬುವುದಿಲ್ಲವೆಂದು ನನಗೆ ತಿಳಿದಿತ್ತು. ಎಕ್ಸ್‌ರೇ ಹಾಳೆ ತಾತನದಲ್ಲ. ಅಕಸ್ಮಾತ್ ನಂಬಿದರೆ, ಮೇಸ್ತ್ರಿಯ ಜೇಬಿನಲ್ಲಿರುವ ಆ ಒಂದು ಸಾಲನ್ನು ನಾನೇ ಅಳಿಸಿದಂತೆ ಎಂಬುದೂ ತಿಳಿದಿತ್ತು. ಅವರನ್ನು ಕೇಳಲಿಲ್ಲ. ಈ ಸಲವೂ ಯಾರನ್ನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ, ಅಮ್ಮನಿಗೆ ಬಾಖಾಲಾ ಅಂಗಡಿಗೆ ಹೋಗಿ ಮೊಸರು ತರುತ್ತೇನೆಂದು ಹೇಳಿ, ಆರೋಗ್ಯ ಕೇಂದ್ರಕ್ಕೆ ನಡೆದೆ. ಇಪ್ಪತ್ತೈದು ನಿಮಿಷದ ದಾರಿ. ಹೆಂಗಸರ ಸಾಲಿನಲ್ಲಿ ಮುಂದೆ ನಾಲ್ವರಿದ್ದರು. ನನ್ನ ಸರದಿ ಬಂದಾಗ ಕಿಟಕಿಯ ಗುಮಾಸ್ತನಿಗೆ ಮೇಸ್ತ್ರಿಯ ಕಾರ್ಡಿನ ಸಂಖ್ಯೆ ಹೇಳಿ ಲಕೋಟೆ ಕೊಟ್ಟೆ. ಆತ ರಿಜಿಸ್ಟರಿನಲ್ಲಿ ಬೆರಳು ಓಡಿಸಿ, ಈ ಫೈಲು ಮುಗಿದಿದೆ ಎಂದ. ಆದರೂ ಇರಲಿ, ಡಾಕ್ಟರಿಗೆ ಕೊಡಿ ಎಂದು ನಾನು ಎರಡು ಸಲ ಹೇಳಿದೆ. ಆತ ಲಕೋಟೆಯನ್ನು ಒಡೆಯದೆ ಬುಟ್ಟಿಯಲ್ಲಿದ್ದ ಬೇರೆ ಕಾಗದಗಳ ಮೇಲಿಟ್ಟು, ನನ್ನ ಹಿಂದಿದ್ದ ಹೆಂಗಸಿಗೆ ಮುಂದೆ ಬರಲು ಕೈ ಮಾಡಿದ. ನಾನು ಸಾಲಿನಿಂದ ಪಕ್ಕಕ್ಕೆ ಸರಿದು, ಆತ ಯಾವಾಗಲಾದರೂ ಬುಟ್ಟಿಯ ಕಡೆಗೆ ನೋಡಬಹುದೆಂದು ಒಂಬತ್ತು ಗಂಟೆಯವರೆಗೆ ಗೋಡೆಗೆ ಒರಗಿ ನಿಂತಿದ್ದೆ.